ಕೀಮೋ ಆದಮೇಲೂ ಸ್ತನ ಕ್ಯಾನ್ಸರ್ ಮರಳೋದು ಸ್ಟೆಮ್ ಸೆಲ್‌ನಿಂದಲೇ?

ಪ್ರಶ್ನೆ: ಚಿಕ್ಕಮ್ಮನಿಗೆ ಕೀಮೋ ಮುಗಿದಿದೆ, ಮುಂದಿನ ವಾರ ಆಪರೇಷನ್. ಗಡ್ಡೆ ತುಂಬಾ ಕುಗ್ಗಿದೆ ಅಂದರು. ಆದರೆ ‘ಕ್ಯಾನ್ಸರ್ ಸ್ಟೆಮ್ ಸೆಲ್’ ಉಳಿದರೆ ಮತ್ತೆ ಬರುತ್ತದೆ ಅಂತ ಎಲ್ಲೋ ಓದಿದೆ. ಇವು ಮಾತ್ರ ಹೇಗೆ ಬದುಕುತ್ತವೆ? ಸ್ವಲ್ಪ ಬಿಡಿಸಿ ಹೇಳಿ.

ಲ್ಯಾಬ್‌ಹುಡುಗಿ: ಗಡ್ಡೆಯ ಎಲ್ಲ ಕೋಶಗಳೂ ಒಂದೇ ಥರ ಇರುವುದಿಲ್ಲ. 2003ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ರೋಗಿಗಳ ಗಡ್ಡೆಯ ಕೋಶಗಳನ್ನು ಬೇರೆ ಮಾಡಿ ಇಲಿಗಳಿಗೆ ಹಾಕಿ ನೋಡಿದರು. ಮೇಲ್ಮೈಯಲ್ಲಿ ಸಿಡಿ44 ಎಂಬ ಪ್ರೋಟೀನ್ ಇದ್ದು ಸಿಡಿ24 ಎಂಬ ಇನ್ನೊಂದು ಪ್ರೋಟೀನ್ ಕಡಿಮೆ ಇರುವ ಕೋಶಗಳು ಬರೀ 100 ಇದ್ದರೂ ಹೊಸ ಗಡ್ಡೆ ಬೆಳೆಯಿತು, ಉಳಿದವನ್ನು ಸಾವಿರಗಟ್ಟಲೆ ಹಾಕಿದರೂ ಬೆಳೆಯಲಿಲ್ಲ. ಹೀಗೆ ಹೊಸ ಗಡ್ಡೆ ಬೆಳೆಸಬಲ್ಲ ಕೋಶಗಳನ್ನೇ ಕ್ಯಾನ್ಸರ್ ಸ್ಟೆಮ್ ಸೆಲ್ ಅನ್ನುತ್ತಾರೆ. ಕೀಮೋ ಹೆಚ್ಚಾಗಿ ಕೊಲ್ಲುವುದು ಬೇಗ ಬೇಗ ಒಡೆದು ಹೆಚ್ಚುವ ಕೋಶಗಳನ್ನು. ಆದರೆ ಈ ಸ್ಟೆಮ್ ಸೆಲ್‌ಗಳಲ್ಲಿ ಹಲವು ಒಡೆಯದೆ ಸುಮ್ನೆ ಮಲಗಿರುತ್ತವೆ. ಸಾಲದ್ದಕ್ಕೆ ಎಬಿಸಿಜಿ2 ಎಂಬ ಪಂಪು ಒಳಗೆ ಬಂದ ಔಷಧಿಯನ್ನು ಹೊರಗೆ ತಳ್ಳುತ್ತದೆ, ಎಎಲ್‌ಡಿಎಚ್ ಎಂಬ ಕಿಣ್ವ ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧಿಯ ವಿಷ ಮುರಿಯುತ್ತದೆ, ಡಿಎನ್‌ಎ ರಿಪೇರಿಯೂ ಚುರುಕು.

ಸುಬ್ಬಣ್ಣ: ಒಂದು ಸಣ್ಣ ತಕರಾರು. ಇವು ಹುಟ್ಟಿನಿಂದಲೇ ಬೇರೆ ಜಾತಿ ಏನಲ್ಲ. ಮಾಮೂಲಿ ಕ್ಯಾನ್ಸರ್ ಕೋಶವೂ ಒತ್ತಡ ಬಿದ್ದಾಗ ಈ ಗುಣ ಪಡೆಯಬಹುದು. ಹಾಗಾಗಿ ಇವನ್ನಷ್ಟೇ ಕೊಂದರೆ ಮುಗೀತು ಅನ್ನೋದು ಅತಿಯಾಸೆ. ಸ್ಟೆಮ್ ಸೆಲ್‌ಗಳು ಉಳಿದು ಹೆಚ್ಚಲು ನೆರವಾಗುವ ‘ನಾಚ್’ ಎಂಬ ಕೋಶದ ಸಂಕೇತವನ್ನು ತಡೆಯುವ ಔಷಧಿಗಳ ಪ್ರಯೋಗ ನಡೆದಿದೆ, ಆದರೆ ಸ್ತನ ಕ್ಯಾನ್ಸರಿಗೆ ಅದು ಮಾಮೂಲಿ ಚಿಕಿತ್ಸೆಯಾಗಿಲ್ಲ.

ಲ್ಯಾಬ್‌ಹುಡುಗಿ: ಹೌದು, ಅದನ್ನು ಒಪ್ಪುತ್ತೇನೆ. ಪ್ರಶ್ನೆ ಕೇಳಿದವರಿಗೆ: ಸ್ಟೆಮ್ ಸೆಲ್ ಟೆಸ್ಟ್ ಮಾಡಿಸಿ ಅಂತ ಡಾಕ್ಟರ ಹಿಂದೆ ಬೀಳಬೇಡಿ, ಚಿಕಿತ್ಸೆ ಅದರ ಮೇಲೆ ನಿರ್ಧಾರ ಆಗಲ್ಲ. ಆಪರೇಷನ್ ಆದಮೇಲೆ ಬಯಾಪ್ಸಿ ರಿಪೋರ್ಟಿನಲ್ಲಿ ಕ್ಯಾನ್ಸರ್ ಉಳಿದಿದೆಯಾ, ಇಆರ್ (ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನ್) ಮತ್ತು ಹರ್2 (ಕೋಶ ಬೆಳೆಯಲು ಪ್ರೇರೇಪಿಸುವ ಪ್ರೋಟೀನ್) ಏನು ಬಂದಿದೆ ಅಂತ ಕೇಳಿ. ಮುಂದಿನ ಔಷಧಿ ಅದನ್ನು ನೋಡಿಯೇ ಬರೆಯುತ್ತಾರೆ.