ಅಪ್‌ಡೇಟ್: ಸೊನ್ನೆ ಸರಿ ಇದ್ದರೂ 35 ಸರಿ ಇರಲಿಲ್ಲ

ನನ್ನ ಪ್ರಶ್ನೆ ಇದಾಗಿತ್ತು: ಹವಳ ಸಾಕುವ ನನ್ನ ಉಪ್ಪುನೀರಿನ ಟ್ಯಾಂಕಿಗೆ ರಿಫ್ರಾಕ್ಟೋಮೀಟರ್ (ಬೆಳಕು ಎಷ್ಟು ಬಾಗುತ್ತದೆ ಎಂದು ನೋಡಿ ಉಪ್ಪಿನಂಶ ಅಳೆಯುವ ಸಾಧನ) 35 ಪಿಪಿಟಿ, ಅಂದರೆ ಸಾವಿರ ಭಾಗಕ್ಕೆ 35 ಭಾಗ ಉಪ್ಪು ಅನ್ನುತ್ತದೆ, ಪ್ಲಾಸ್ಟಿಕ್ ಹೈಡ್ರೋಮೀಟರ್ (ನೀರಿನ ಸಾಂದ್ರತೆ ಅಳೆಯುವ, ಮುಳ್ಳಿರುವ ಡಬ್ಬಿ) 1.023 ಅನ್ನುತ್ತದೆ, ಅಂದರೆ ಉಪ್ಪು ಅದಕ್ಕಿಂತ ಕಡಿಮೆ. ಯಾವುದನ್ನು ನಂಬಲಿ? ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಎರಡೂ ಪೂರ್ತಿ ನಿಜ ಹೇಳುತ್ತಿರಲಿಲ್ಲ!

ರಿಫ್ರಾಕ್ಟೋಮೀಟರಿನಲ್ಲಿ ಆರ್‌ಓ ನೀರಿಗೆ (ಫಿಲ್ಟರಿನಲ್ಲಿ ಉಪ್ಪು ತೆಗೆದ ನೀರು) ಸೊನ್ನೆ ಸರಿಯಾಗೇ ಬರುತ್ತಿತ್ತು. ನೀವು ಹೇಳಿದಂತೆ 35ರ ಕ್ಯಾಲಿಬ್ರೇಷನ್ ದ್ರಾವಣ (ಸಾಧನ ಸರಿಹೊಂದಿಸಲು, ಸಮುದ್ರದ ನೀರಿನಂತೆ ಸರಿಯಾಗಿ 35 ತೋರಿಸಬೇಕಾದ ದ್ರಾವಣ) ತರಿಸಿದೆ. ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳದಡಿ ಗುಳ್ಳೆ ಇಲ್ಲದಂತೆ ನೋಡಿ, ಅರ್ಧ ನಿಮಿಷ ಬಿಟ್ಟು ಬೆಳಕಿಗೆ ಹಿಡಿದೆ. ನೀಲಿ ಅಂಚು 36 ದಾಟಿ ನಿಂತಿತ್ತು. ಇದರ ಸ್ಕೇಲ್ ಇರುವುದು ಬರೀ ಅಡುಗೆ ಉಪ್ಪು ಕರಗಿಸಿದ ನೀರಿಗೆ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಸಲ್ಫೇಟ್ ಎಲ್ಲ ಇರುತ್ತವಲ್ಲ, ಬೆಳಕು ಬಾಗುವುದು ಸ್ವಲ್ಪ ಬೇರೆ. ಸೊನ್ನೆಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಸ್ಕ್ರೂ ತಿರುಗಿಸಿ 35ಕ್ಕೆ ತಂದ ಮೇಲೆ ಟ್ಯಾಂಕ್ ತೋರಿಸಿದ್ದು ಸುಮಾರು 33.5.

ಹೈಡ್ರೋಮೀಟರಿನ ಮುಳ್ಳಿಗೆ ಉಪ್ಪು ಕಟ್ಟಿ ಭಾರವಾಗಿತ್ತು. ವಿನೆಗರ್ ನೀರಿನಲ್ಲಿ ನೆನೆಸಿ ತೊಳೆದೆ, ಈಗ 1.025, ಅಂದರೆ ಆ 33.5ಕ್ಕೆ ಹೊಂದುತ್ತದೆ. ಸುಮ್ನೆ ಬೈದುಕೊಂಡಿದ್ದೆ ಅದನ್ನ.

ಟ್ಯಾಂಕನ್ನು 35ಕ್ಕೆ ತರಬೇಕು, ಆದರೆ ಒಮ್ಮೆಲೇ ಉಪ್ಪು ಸುರಿಯುತ್ತಿಲ್ಲ. ಆವಿಯಾದಷ್ಟು ನೀರಿನ ಜಾಗಕ್ಕೆ ಆರ್‌ಓ ಬದಲು ಉಪ್ಪುನೀರು ಹಾಕುತ್ತಾ ನಿಧಾನವಾಗಿ ಏರಿಸುತ್ತಿದ್ದೇನೆ. ಹವಳಗಳು ಆರಾಮಾಗಿವೆ.