ಮಿನ್ನೆಸೋಟದ ಹೈಸ್ಕೂಲ್ ಹಾಕಿ: ಮನೆ ಹುಡುಕುವ ಮೊದಲೇ ತಿಳಿದಿರಲಿ

ಎಲ್ಲರಿಗೂ ನಮಸ್ಕಾರ. ಡಲ್ಲಾಸ್‌ನಿಂದ ಇಲ್ಲಿಗೆ ಬರುತ್ತಿರುವ ಕುಟುಂಬದವರು ಮೊನ್ನೆ ಕೇಳಿದ್ದರು: "ಮಗ ಐದನೇ ಕ್ಲಾಸು, ಐಸ್ ಹಾಕಿ ಹುಚ್ಚು ಹತ್ತಿದೆ. ಮುಂದೆ ಹೈಸ್ಕೂಲ್ ಟೀಮಿಗೆ ಆಡಬೇಕಂತೆ. ಯಾವ ಕೋಚಿಂಗ್ ಒಳ್ಳೆಯದು?" ಕೋಚಿಂಗ್ ಆಮೇಲೆ ನೋಡೋಣ ಸರ್. ಈ ರಾಜ್ಯದಲ್ಲಿ ಮೊದಲು ಯೋಚಿಸಬೇಕಾದ್ದು ಮನೆ ಎಲ್ಲಿ ಮಾಡುತ್ತೀರಿ ಅನ್ನೋದನ್ನ.

ಇಲ್ಲಿ ಹಾಕಿ ನಡೆಯುವುದು ಊರಿನ ಲೆಕ್ಕದಲ್ಲಿ. ಬೇರೆ ಎಷ್ಟೋ ಕಡೆ ಚೆನ್ನಾಗಿ ಆಡುವ ಮಕ್ಕಳನ್ನು ಖಾಸಗಿ ಕ್ಲಬ್‌ಗಳು ಸೆಳೆದುಕೊಳ್ಳುತ್ತವೆ. ಮಿನ್ನೆಸೋಟದಲ್ಲಿ ಊರಿನ ಯೂತ್ ಹಾಕಿ ಅಸೋಸಿಯೇಷನ್ನೇ ಬುನಾದಿ. 8 ವರ್ಷದೊಳಗಿನವರು ಮೈಟ್, 10ರೊಳಗೆ ಸ್ಕ್ವರ್ಟ್, 12ರೊಳಗೆ ಪೀವೀ, 14ರೊಳಗೆ ಬ್ಯಾಂಟಮ್. ನಿಮ್ಮ ಮಗು ಯಾವ ಅಸೋಸಿಯೇಷನ್‌ಗೆ ಸೇರಬೇಕು ಅನ್ನೋದು ಮನೆ ವಿಳಾಸ ಅಥವಾ ಓದುವ ಶಾಲೆಯ ಮೇಲೆ ನಿರ್ಧಾರ ಆಗುತ್ತದೆ. ಸ್ಕ್ವರ್ಟ್‌ನಲ್ಲಿ ಪಕ್ಕದಲ್ಲಿ ಕೂತು ಲೇಸ್ ಕಟ್ಟಿಕೊಂಡ ಹುಡುಗರೇ ಮುಂದೆ ಹೈಸ್ಕೂಲ್ ಜೆರ್ಸಿ ಹಾಕುತ್ತಾರೆ. ನಮ್ಮ ಮಕ್ಕಳಿಗೆ ಒಂದು ಊರು ತಮ್ಮದು ಅನ್ನಿಸಲು ಇದಕ್ಕಿಂತ ಒಳ್ಳೆಯ ದಾರಿ ನಾನು ನೋಡಿಲ್ಲ.

ಹೈಸ್ಕೂಲಿಗೆ ಬಂದ ಮೇಲೆ ಆಟದ ಉಸ್ತುವಾರಿ ಮಿನ್ನೆಸೋಟ ಸ್ಟೇಟ್ ಹೈಸ್ಕೂಲ್ ಲೀಗ್‌ನದು. 1916ರಿಂದ ಇರುವ ಸಂಸ್ಥೆ ಇದು. ಶಾಲೆಗಳನ್ನು ಮಕ್ಕಳ ಸಂಖ್ಯೆ ನೋಡಿ ಎರಡು ಭಾಗ ಮಾಡುತ್ತಾರೆ: ದೊಡ್ಡವು ಎಎ ಕ್ಲಾಸು, ಚಿಕ್ಕವು ಎ ಕ್ಲಾಸು. ಚಿಕ್ಕ ಶಾಲೆ ಬಯಸಿದರೆ ಮೇಲಿನ ಕ್ಲಾಸಿನಲ್ಲಿ ಆಡಬಹುದು. ಆಡುವ ಮಕ್ಕಳು ಸಾಲದಿದ್ದರೆ ಅಕ್ಕಪಕ್ಕದ ಶಾಲೆಗಳು ಸೇರಿ ಒಂದೇ ಟೀಮ್ ಕಟ್ಟುತ್ತವೆ. ಹಳ್ಳಿ ಕಡೆ ಇದು ಸಾಮಾನ್ಯ.

ಪ್ರತಿ ಕ್ಲಾಸಿನಲ್ಲೂ 8 ಸೆಕ್ಷನ್, ಅಂದರೆ ಟೀಮ್‌ಗಳ 8 ಗುಂಪು. ನವೆಂಬರ್‌ನಿಂದ ಫೆಬ್ರವರಿವರೆಗೆ ಸೀಸನ್ ಆಟಗಳು, 17 ನಿಮಿಷದ ಮೂರು ಪೀರಿಯಡ್. ಆಮೇಲೆ ಸೆಕ್ಷನ್ ನಾಕೌಟ್. ಸೋತರೆ ಅಲ್ಲಿಗೆ ಮುಗಿಯಿತು. ಹುಡುಗರಲ್ಲಿ ಗೆದ್ದ ಒಂದೊಂದು ಟೀಮ್ ಮಾರ್ಚ್ ಆರಂಭದಲ್ಲಿ ರಾಜ್ಯ ಟೂರ್ನಿಗಾಗಿ ರಾಜಧಾನಿ ಸೇಂಟ್ ಪಾಲ್‌ಗೆ, ಅದೂ ವೃತ್ತಿಪರ ತಂಡ ವೈಲ್ಡ್ ಆಡುವ ಅಂಕಣಕ್ಕೆ ಹೋಗುತ್ತದೆ. ಹುಡುಗರ ರಾಜ್ಯ ಟೂರ್ನಿ ಶುರುವಾಗಿದ್ದು 1945ರಲ್ಲಿ. ಕೆನಡಾ ಗಡಿಯ ಪಕ್ಕದ ರೋಸೋ, ವಾರೋಡ್ ತರದ ಪುಟ್ಟ ಊರುಗಳಿಗೂ ಇಲ್ಲಿ ದೊಡ್ಡ ಹೆಸರು. 1980ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡವನ್ನು ಮಣಿಸಿದ ಅಮೆರಿಕದ 20 ಆಟಗಾರರಲ್ಲಿ 12 ಮಂದಿ ಈ ರಾಜ್ಯದವರು. ಅವರ ಕೋಚ್ ಹರ್ಬ್ ಬ್ರೂಕ್ಸ್ ಕೂಡ ಸೇಂಟ್ ಪಾಲ್‌ನ ಜಾನ್ಸನ್ ಹೈಸ್ಕೂಲಿಗೆ ಆಡಿ 1955ರಲ್ಲಿ ಈ ಟೂರ್ನಿ ಗೆದ್ದವರು. ಮಕ್ಕಳಿಗೆ ಇದನ್ನೆಲ್ಲ ಹೇಳಿ, ತುಂಬಾ ಹುರುಪು ಬರುತ್ತದೆ.

ಈಗ ಮನೆ ವಿಷಯಕ್ಕೆ ಬರುತ್ತೇನೆ. ನಮ್ಮವರು ಎಡವುವುದು ಜಾಸ್ತಿ ಇಲ್ಲೇ. ಒಂಬತ್ತನೇ ಕ್ಲಾಸಿಗೆ ಮೊದಲ ಸಲ ಸೇರುವಾಗ ಯಾವ ಶಾಲೆಗೆ ಸೇರಿದರೂ ಆಡಲು ಅಡ್ಡಿಯಿಲ್ಲ. ಅದಾದ ಮೇಲೆ ಮನೆ ಬದಲಿಸದೆ ಸುಮ್ನೆ ಶಾಲೆ ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ವಾರ್ಸಿಟಿ, ಅಂದರೆ ಶಾಲೆಯ ಮುಖ್ಯ ಟೀಮಿನಲ್ಲಿ, ಆಡುವಂತಿಲ್ಲ. ಕೆಳಗಿನ ಜೆವಿ ಟೀಮಿನಲ್ಲಿ ಆಡಬಹುದು, ಅಷ್ಟೇ. ಇಡೀ ಕುಟುಂಬ ಹೊಸ ಊರಿಗೆ ಹೋದರೆ ತೊಂದರೆ ಇಲ್ಲ. ಹಾಗಾಗಿ ಮೊದಲೆರಡು ವರ್ಷ ಬಾಡಿಗೆ ಮನೆಯಲ್ಲಿದ್ದು ಆಮೇಲೆ ಖರೀದಿ ಮಾಡೋಣ ಅನ್ನುವವರು ಹೈಸ್ಕೂಲ್ ವರ್ಷಗಳ ಲೆಕ್ಕ ಹಾಕಿಯೇ ಮುಂದುವರಿಯಿರಿ. ಬಲಿಷ್ಠ ಟೀಮ್ ಇರುವ ಈಡೈನಾ, ಮಿನೆಟೊಂಕಾ ಕಡೆಯೇ ಮನೆ ಬೇಕು ಅಂತಲೂ ಇಲ್ಲ. ಅಲ್ಲಿ ಪೈಪೋಟಿ ವಿಪರೀತ, ಚೆನ್ನಾಗಿ ಆಡುವ ಮಕ್ಕಳೂ ವಾರ್ಸಿಟಿಯಿಂದ ಹೊರಗೆ ಉಳಿಯುತ್ತಾರೆ. ಮಗು ಬೆಂಚ್ ಕಾಯುವುದಕ್ಕಿಂತ ನಡುಮಟ್ಟದ ಟೀಮಿನಲ್ಲಿ ಆಡುವುದು ಮೇಲು ಅಂತ ನಾನು ಖಂಡಿತ ಹೇಳುತ್ತೇನೆ.

ದಿನನಿತ್ಯದ ಬದುಕು ಹೇಗಿರುತ್ತದೆ ಅಂತಲೂ ಕೇಳಿದ್ದಿರಿ. ಚಿಕ್ಕವರಿಗೆ ಶನಿವಾರ ಬೆಳಿಗ್ಗೆ ಆರಕ್ಕೇ ಐಸ್ ಮೇಲೆ ಆಡುವ ಸಮಯ ಸಿಕ್ಕಿರುತ್ತದೆ. ರಿಂಕ್‌ನಲ್ಲಿ ನೀವು ಮಂಡಿಯೂರಿ ಕೂತು ಸ್ಕೇಟ್ ಲೇಸನ್ನು ಬೆರಳ ಕಡೆಯಿಂದ ಮೇಲಕ್ಕೆ ಒಂದೊಂದೇ ಎಳೆ ಬಿಗಿಮಾಡಬೇಕು. ಕಣಕಾಲಿನ ಹತ್ತಿರ ಸಡಿಲ ಬಿಟ್ಟರೆ ಕಾಲು ಹೊರಳುತ್ತದೆ. ಚಳಿಗೆ ಬೆರಳು ಮರಗಟ್ಟಿರುತ್ತದೆ, ಹಿಂದಿನಿಂದ ಮಗ ಆಡುವ ಟೀಮಿನವರು ಕರೆಯುತ್ತಿರುತ್ತಾರೆ. ಅದೇ ಹೊತ್ತಿಗೆ ಕನ್ನಡ ಕಲಿ ತರಗತಿಯೂ ಇದ್ದರೆ ಟೀಚರ್ ಜೊತೆ ಮೊದಲೇ ಮಾತಾಡಿ. ರಾಜ್ಯೋತ್ಸವ ಬರುವ ನವೆಂಬರ್‌ನಲ್ಲೇ ಹೈಸ್ಕೂಲ್ ಆಯ್ಕೆಯೂ ನಡೆಯುತ್ತದೆ. ರಾಜ್ಯೋತ್ಸವದ ನಾಟಕದ ಪಾತ್ರ ಹಂಚುವವರು ಹಾಕಿ ಮಕ್ಕಳಿಗೆ ಚಿಕ್ಕ ಪಾತ್ರ ಕೊಡಿ, ಆದರೆ ಬಿಡಬೇಡಿ.

ಹೆಣ್ಣುಮಕ್ಕಳಿರುವವರಿಗೂ ಒಂದು ಮಾತು. ಹುಡುಗಿಯರ ಹಾಕಿಗೆ ದೇಶದಲ್ಲೇ ಮೊದಲು ಅಧಿಕೃತ ಹೈಸ್ಕೂಲ್ ಆಟದ ಮಾನ್ಯತೆ ಕೊಟ್ಟ ರಾಜ್ಯ ಇದು. ಅವರ ಮೊದಲ ರಾಜ್ಯ ಟೂರ್ನಿ ನಡೆದದ್ದು 1995ರಲ್ಲಿ. ಮೈಮೇಲೆ ಬಿದ್ದು ತಡೆಯುವ ಚೆಕಿಂಗ್ ಹುಡುಗಿಯರ ಆಟದಲ್ಲಿ ಇಲ್ಲ, ಹುಡುಗರಿಗೂ ಬ್ಯಾಂಟಮ್‌ನಿಂದ ಮಾತ್ರ. ಮುಖಕ್ಕೆ ಪೂರ್ತಿ ಜಾಲರಿ ಕಡ್ಡಾಯ. ಊರಿನ ಅಸೋಸಿಯೇಷನ್ ಆಟಗಳಲ್ಲಿ 2024ರ ಆಗಸ್ಟ್‌ನಿಂದ ಕುತ್ತಿಗೆಯ ಪಟ್ಟಿಯೂ ಕಡ್ಡಾಯ ಆಗಿದೆ.

ನಿಮ್ಮ ಮಗನಿಗೆ ಸ್ಕೇಟಿಂಗ್ ಬರುತ್ತದಾ? ಇಲ್ಲದಿದ್ದರೆ ಈಗಲೇ ಡಲ್ಲಾಸ್‌ನಲ್ಲೇ ಶುರುಮಾಡಿಸಿ. ಐದನೇ ಕ್ಲಾಸು ಇಲ್ಲಿಯ ಲೆಕ್ಕದಲ್ಲಿ ಸ್ವಲ್ಪ ತಡ, ಆದರೆ ಕೈಮೀರಿಲ್ಲ. ಸಾಮಾನು ಹೊಸದು ಕೊಳ್ಳಬೇಡಿ, ಬೆಳೆಯುವ ವಯಸ್ಸು, ಸೆಕೆಂಡ್‌ಹ್ಯಾಂಡ್ ಧಾರಾಳವಾಗಿ ಸಿಗುತ್ತದೆ. ಚಳಿಗಾಲದಲ್ಲಿ ಪಾರ್ಕುಗಳಲ್ಲಿ ನೀರು ಕಟ್ಟಿ ಐಸ್ ಮಾಡಿರುತ್ತಾರೆ, ಬಿಟ್ಟಿಯಾಗಿ ಎಷ್ಟು ಬೇಕಾದರೂ ಆಡಬಹುದು. ಅಸೋಸಿಯೇಷನ್‌ಗೆ ಬೇಸಿಗೆ ಮುಗಿಯುವಷ್ಟರಲ್ಲೇ ಹೆಸರು ಕೊಡಬೇಕಾಗುತ್ತದೆ. ಯಾವ ಊರುಗಳಲ್ಲಿ ಮನೆ ನೋಡುತ್ತಿದ್ದೀರಿ ಅಂತ ಇಲ್ಲೇ ಬರೆಯಿರಿ ಸರ್, ಆಯಾ ಕಡೆಯ ಹಾಕಿ ಅಪ್ಪ ಅಮ್ಮಂದಿರು ಗುಂಪಿನಲ್ಲಿ ಇದ್ದೇವೆ.