ಸಿಪ್ಯಾಪ್ ಯಂತ್ರದ ದಾಖಲೆ ಮನೆಯ ಕಂಪ್ಯೂಟರಿಗೆ: ಬಳಸಿದವರ ಅನುಭವಗಳು

ಕೋರಿಕೆ: ನಿದ್ದೆಯಲ್ಲಿ ಉಸಿರು ಪದೇ ಪದೇ ನಿಲ್ಲುವ ಸ್ಲೀಪ್ ಆಪ್ನಿಯಾದ ಚಿಕಿತ್ಸೆಗೆಂದು, ಮಾಸ್ಕಿನ ಮೂಲಕ ಒತ್ತಡದಿಂದ ಗಾಳಿ ಕೊಡುವ ಸಿಪ್ಯಾಪ್ ಯಂತ್ರವನ್ನು ಮೂರು ತಿಂಗಳಿನಿಂದ ಬಳಸುತ್ತಿದ್ದೇನೆ. ಬೆಳಿಗ್ಗೆ ಅದರ ಪರದೆಯಲ್ಲಿ ಕಾಣುವ ಒಂದೆರಡು ಅಂಕಿಗಳಿಂದ ರಾತ್ರಿ ಏನಾಯಿತೆಂಬುದು ತಿಳಿಯುವುದಿಲ್ಲ. ಪೂರ್ಣ ವಿವರವನ್ನು ಕಂಪ್ಯೂಟರಿಗೆ ತರುವ ಬಗೆಯನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ: ನಿಮ್ಮ ಯಂತ್ರದಲ್ಲಿ ಎಸ್‌ಡಿ ಕಾರ್ಡ್ ಇದೆಯೇ ಎಂಬುದನ್ನು ಮೊದಲು ನೋಡಿ. ಕಾರ್ಡ್ ಇಲ್ಲದಿದ್ದರೂ ಚಿಕಿತ್ಸೆ ಎಂದಿನಂತೆ ನಡೆಯುತ್ತದೆ. ಆದರೆ ರೆಸ್‌ಮೆಡ್ ಕಂಪನಿಯ ನನ್ನ ಯಂತ್ರದಲ್ಲಿ ಆಗ ಉಳಿಯುವುದು ದಿನದ ಸಾರಾಂಶ ಮಾತ್ರ. ಉಸಿರಿನ ಹರಿವನ್ನು ಸೆಕೆಂಡಿಗೆ 25 ಬಾರಿ ಅಳೆದ ಸೂಕ್ಷ್ಮ ದಾಖಲೆ ಸೇರುವುದು ಕಾರ್ಡಿಗೇ. ಇದನ್ನರಿಯದೆ ಮೊದಲ ತಿಂಗಳ ರಾತ್ರಿಗಳ ವಿವರವನ್ನೆಲ್ಲ ಕಳೆದುಕೊಂಡೆ.

ಬೆಳಿಗ್ಗೆ ಯಂತ್ರವನ್ನು ನಿಲ್ಲಿಸಿ, ಅದು ಬರೆಯುವುದನ್ನು ಮುಗಿಸಿದ ಮೇಲೆ ಕಾರ್ಡ್ ತೆಗೆಯಿರಿ. ಕಾರ್ಡಿನ ಅಂಚಿನಲ್ಲಿರುವ ಚಿಕ್ಕ ಲಾಕ್ ಗುಂಡಿಯನ್ನು ಸರಿಸಿದ ನಂತರವೇ ಕಾರ್ಡ್ ರೀಡರಿಗೆ ಹಾಕಿ; ಕಂಪ್ಯೂಟರ್ ತನ್ನ ಕಡತಗಳನ್ನು ಅದರ ಮೇಲೆ ಬರೆಯದಂತೆ ಇದು ತಡೆಯುತ್ತದೆ. ನಾನೊಮ್ಮೆ ಲಾಕ್ ಮಾಡದೆ ಹಾಕಿ, ಫಾರ್ಮ್ಯಾಟ್ ಮಾಡಲೇ (ಎಲ್ಲವನ್ನೂ ಅಳಿಸಲೇ) ಎಂದು ಕಂಪ್ಯೂಟರ್ ಕೇಳಿದ್ದಕ್ಕೆ ನಿದ್ದೆಗಣ್ಣಿನಲ್ಲಿ ಹೌದೆಂದು ಒತ್ತಿಬಿಟ್ಟಿದ್ದೆ. ಮರಳಿ ಯಂತ್ರಕ್ಕೆ ಹಾಕುವಾಗ ಲಾಕ್ ತೆಗೆಯುವುದನ್ನೂ ಮರೆಯಬೇಡಿ, ಇಲ್ಲವಾದರೆ ಆ ರಾತ್ರಿಯ ದಾಖಲೆ ಕಾರ್ಡಿಗೆ ಇಳಿಯುವುದಿಲ್ಲ.

ಓದಲು ನಾನು ಬಳಸುವುದು ಆಸ್ಕರ್ ಎಂಬ ಉಚಿತ ತಂತ್ರಾಂಶ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಎಲ್ಲ ಯಂತ್ರಗಳನ್ನೂ ಅದು ಓದಲಾರದಾದ್ದರಿಂದ ನಿಮ್ಮ ಮಾದರಿಯ ಹೆಸರನ್ನು ಮೊದಲೇ ಪರಿಶೀಲಿಸಿ. ಕಾರ್ಡಿನೊಳಗಿನ ಫೋಲ್ಡರುಗಳ ಹೆಸರನ್ನಾಗಲಿ ಜಾಗವನ್ನಾಗಲಿ ಬದಲಿಸದೆ, ಇಡೀ ಕಾರ್ಡನ್ನೇ ಆಮದು ಮಾಡಿಕೊಳ್ಳಬೇಕು.

ಎರಡನೆಯ ಉತ್ತರ: ದಿನವೂ ಕಾರ್ಡ್ ತೆಗೆದು ಹಾಕುವುದು ಬೇಸರವೆನಿಸಿ ನಾನು ವೈಫೈ ಇರುವ ಎಸ್‌ಡಿ ಕಾರ್ಡನ್ನು ಯಂತ್ರದಲ್ಲಿ ಇಟ್ಟೆ. ಅದು ತನ್ನದೇ ಜಾಲವನ್ನು ಹರಡುವುದರಿಂದ, ನಕಲು ಮಾಡುವಷ್ಟು ಹೊತ್ತು ಕಂಪ್ಯೂಟರನ್ನು ಮನೆಯ ಇಂಟರ್ನೆಟ್‌ನಿಂದ ಬಿಡಿಸಿ ಅದಕ್ಕೆ ಜೋಡಿಸಬೇಕಾಗುತ್ತದೆ. ವೇಗವೂ ಸಾಮಾನ್ಯ ರೀಡರಿನಷ್ಟಿಲ್ಲ. ವಾರಕ್ಕೊಮ್ಮೆ ನೋಡಿದರೆ ಸಾಕೆನ್ನುವವರಿಗೆ ಇದರ ಅಗತ್ಯ ನನಗಂತೂ ಕಾಣುವುದಿಲ್ಲ.

ಮೂರನೆಯ ಉತ್ತರ: ಮೊಬೈಲ್ ಆ್ಯಪ್ ಇರುವಾಗ ಕಾರ್ಡ್ ಏಕೆಂದು ನಾನೂ ಭಾವಿಸಿದ್ದೆ. ನನ್ನ ಆ್ಯಪ್ ತೋರಿಸುವುದು ಬಳಸಿದ ಗಂಟೆಗಳು, ಮಾಸ್ಕಿನ ಸೋರಿಕೆ ಮತ್ತು ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ, ಅಷ್ಟೆ. ಸೋರಿಕೆ ಶುರುವಾದ ಗಳಿಗೆಯಲ್ಲಿ ಉಸಿರು ಹೇಗಿತ್ತೆಂದು ಕಾಣಬೇಕಿದ್ದರೆ ಕಾರ್ಡೇ ಬೇಕು.

ಆಸ್ಕರಿನಲ್ಲಿ ದಿನವೆಂದರೆ ಸಾಮಾನ್ಯವಾಗಿ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ. ಆದ್ದರಿಂದ ನಡುರಾತ್ರಿ ಒಂದಕ್ಕೆ ಮಲಗಿದರೂ ಆ ನಿದ್ದೆ ಹಿಂದಿನ ದಿನಾಂಕದಡಿ ಕಾಣುತ್ತದೆ. ರಕ್ತದ ಆಮ್ಲಜನಕವನ್ನು ಅಳೆಯುವ ಆಕ್ಸಿಮೀಟರನ್ನು ಬೆರಳಿಗೆ ಹಾಕಿ ಆ ದಾಖಲೆಯನ್ನೂ ಸೇರಿಸುವುದಾದರೆ ಅದರ ಮತ್ತು ಸಿಪ್ಯಾಪ್ ಯಂತ್ರದ ಗಡಿಯಾರಗಳನ್ನು ಮಲಗುವ ಮುನ್ನವೇ ತಾಳೆ ನೋಡಿ. ನನ್ನಲ್ಲಿ ನಾಲ್ಕು ನಿಮಿಷಗಳ ಅಂತರವಿದ್ದುದರಿಂದ ಆಮ್ಲಜನಕ ಇಳಿದ ಮೇಲೆ ಉಸಿರು ನಿಂತಂತೆ ಕಾಣುತ್ತಿತ್ತು.